ರೂಮಾ ಬಾವಿಯ ಸಿಹಿನೀರು, ಉಸ್ಮಾನರ ಕೊಡ

ಕಳೆದ ತಿಂಗಳು ಇದೇ ಅಂಕಣದಲ್ಲಿ ಮಕ್ಕಾದ ಝಂಝಂ ಬಾವಿಯ ಬಗ್ಗೆ ಬರೆಯುವಾಗ ಮದೀನಾದ ರೂಮಾ ಬಾವಿಯ ಹೆಸರು ಒಂದೇ ಸಾಲಲ್ಲಿ ಬಂದುಹೋಗಿತ್ತು. ಆ ಒಂದು ಸಾಲು ಹಿಡಿದು ಬಂದ ಪತ್ರಗಳೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಬಾವಿಕಟ್ಟೆ ಬಿಟ್ಟು ಏಳುವುದಿಲ್ಲ.

ಪ್ರಶ್ನೆ: ಪ್ರವಾದಿಯವರ ಜೊತೆಗಾರ ಹಜ್ರತ್ ಉಸ್ಮಾನ್ ಮದೀನಾದಲ್ಲಿ ಒಂದು ಬಾವಿ ಕೊಂಡು ಜನರಿಗೆ ಬಿಟ್ಟುಕೊಟ್ಟರು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಆ ಊರಲ್ಲಿ ಬೇರೆ ಬಾವಿಗಳೇ ಇರಲಿಲ್ವಾ? ಅದೊಂದಕ್ಕೆ ಯಾಕಷ್ಟು ಹೆಸರು?

ಇದ್ದವು, ಬೇಕಾದಷ್ಟು ಇದ್ದವು. ಕಡಿಮೆ ಇದ್ದದ್ದು ಸಿಹಿನೀರು.

ಮದೀನಾ ಎರಡು ಲಾವಾ ಬಯಲುಗಳ ನಡುವಿನ ಊರು. ಪೂರ್ವಕ್ಕೂ ಪಶ್ಚಿಮಕ್ಕೂ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಕಲ್ಲು. ಅರಬಿಯಲ್ಲಿ ಅದಕ್ಕೆ ‘ಹರ್ರಾ’ ಅಂತಾರೆ. ನಡುವೆ ಖರ್ಜೂರ ಬೆಳೆಯುವ ಮಣ್ಣು, ಮಳೆ ಬಂದರೆ ಮಾತ್ರ ಹರಿಯುವ ಹಳ್ಳಗಳು. ತೋಟ ಇದ್ದ ಕಡೆ ಬಾವಿ ಇತ್ತು. ಆದರೆ ಎಷ್ಟೋ ಬಾವಿಗಳ ನೀರು ಸವಳು. ಮರಕ್ಕೆ ನಡೆಯುತ್ತದೆ, ಒಂಟೆಗೂ ನಡೆಯುತ್ತದೆ. ಮನುಷ್ಯರ ಗಂಟಲಲ್ಲಿ ಇಳಿಯುವುದು ಕಷ್ಟ.

622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮತ್ತು ಅವರ ಜೊತೆಗಾರರು ಮಕ್ಕಾ ಬಿಟ್ಟು ಇಲ್ಲಿಗೆ ಬಂದರು. ಹಾಗೆ ಬಂದವರೇ ಮುಹಾಜಿರರು. ಮನೆ, ವ್ಯಾಪಾರ, ನೆಂಟರು, ಎಲ್ಲವನ್ನೂ ಬಿಟ್ಟು ಬಂದಿದ್ದರು. ಇಲ್ಲಿನ ನೀರು ಅವರಿಗೆ ಒಗ್ಗಲಿಲ್ಲ ಅಂತ ವರದಿಗಳಲ್ಲೇ ಇದೆ. ಜೊತೆಗಾರರಾದ ಅಬೂಬಕ್ಕರ್ ಮತ್ತು ಬಿಲಾಲ್ ಜ್ವರ ಹಿಡಿದು ಮಲಗಿದರು. ಆಗ ಬುತ್‌ಹಾನ್ ಹಳ್ಳದಲ್ಲಿ ಕೆಟ್ಟ ನೀರು ಹರಿಯುತ್ತಿತ್ತು ಅಂತ ಪ್ರವಾದಿಯವರ ಪತ್ನಿ ಆಯಿಷಾ ಅವರು ನೆನೆದಿದ್ದಾರೆ. ಹೊಸ ಊರಿಗೆ ಹೋದವರನ್ನು ಮೊದಲು ಪರೀಕ್ಷೆ ಮಾಡೋದು ಅಲ್ಲಿನ ನೀರೇ, ಅಲ್ವಾ?

ರೂಮಾ ಇದ್ದದ್ದು ಊರಿನ ವಾಯವ್ಯಕ್ಕೆ, ಅಖೀಕ್ ಕಣಿವೆಯಲ್ಲಿ. ಮಳೆಗಾಲದ ಪ್ರವಾಹ ಆ ಕಣಿವೆಯ ಮರಳಲ್ಲಿ ಇಳಿದು ಕೆಳಗೆ ಉಳಿಯುತ್ತದೆ. ರೂಮಾದ ನೀರು ಸಿಹಿ. ಆದರೆ ಅದಕ್ಕೆ ಒಬ್ಬ ಮಾಲೀಕನಿದ್ದ, ಅವನು ನೀರನ್ನು ಮಾರುತ್ತಿದ್ದ. ಒಂದು ತೊಗಲ ಚೀಲ ನೀರಿಗೆ ಒಂದು ‘ಮುದ್’. ಮುದ್ ಅಂದರೆ ಎರಡು ಕೈ ಜೋಡಿಸಿದರೆ ಹಿಡಿಯುವಷ್ಟು ಧಾನ್ಯ, ನಮ್ಮ ಮಾತಲ್ಲಿ ಒಂದು ಬೊಗಸೆ. ಉಳ್ಳವನಿಗೆ ಒಂದು ಬೊಗಸೆ ಧಾನ್ಯ ಲೆಕ್ಕಕ್ಕಿಲ್ಲ. ಎಲ್ಲ ಬಿಟ್ಟು ಬಂದವನಿಗೆ ಅದು ಮಕ್ಕಳ ಒಂದು ಹೊತ್ತಿನ ಊಟ.

ಆಗ ಪ್ರವಾದಿಯವರು ಒಂದು ಮಾತು ಹೇಳಿದರು. ತಿರ್ಮಿದಿ ಮತ್ತು ನಸಾಈ ಅವರ ಹದೀಸ್ ಸಂಗ್ರಹಗಳಲ್ಲಿ ಅದು ಬಂದಿದೆ. ಹದೀಸ್ ಅಂದರೆ ಪ್ರವಾದಿಯವರ ನಡೆನುಡಿಯ ವರದಿ. ರೂಮಾ ಬಾವಿಯನ್ನು ಕೊಂಡು, ಅದರಲ್ಲಿ ತನ್ನ ಕೊಡವನ್ನೂ ಮುಸ್ಲಿಮರೆಲ್ಲರ ಕೊಡಗಳ ಜೊತೆ ಇಡುವವರು ಯಾರು? ಅವರಿಗೆ ಸ್ವರ್ಗದಲ್ಲಿ ಇದಕ್ಕಿಂತ ಒಳ್ಳೆಯದಿದೆ. ಉಸ್ಮಾನ್(ರ) ತಮ್ಮ ಸ್ವಂತ ದುಡ್ಡಿಂದ ಕೊಂಡರು.

ಇಲ್ಲಿ ಸ್ವಲ್ಪ ನಿಲ್ಲೋಣ. ನಾವು ಈ ಕಥೆ ಹೇಳುವಾಗ ಉಸ್ಮಾನ್ ಕೊಟ್ಟ ದುಡ್ಡಿನ ಬಗ್ಗೆಯೇ ಜಾಸ್ತಿ ಹೇಳುತ್ತೇವೆ. ನನಗೆ ಆ ಕೊಡದ ಮಾತೇ ದೊಡ್ಡದು ಅನಿಸುತ್ತದೆ. ಮೂಲದಲ್ಲಿರುವ ‘ದಲ್ವ್’ ಅನ್ನೋ ಪದಕ್ಕೆ ಬಾವಿಗೆ ಇಳಿಬಿಡುವ ತೊಗಲ ಕೊಡ ಅಂತ ಅರ್ಥ. ನಾನು ಮದುವೆಯಾಗುವವರೆಗೂ ಬಾವಿಯಿಂದ ನೀರು ಸೇದಿದವಳು. ಹಗ್ಗ ಅಂಗೈಯಲ್ಲಿ ಬರೆ ಎಳೆಯುವುದು ಗೊತ್ತು. ಬಾವಿಕಟ್ಟೆಯಲ್ಲಿ ಯಾರು ಮೊದಲು, ಯಾರು ಆಮೇಲೆ ಅನ್ನೋ ಲೆಕ್ಕ ಎಷ್ಟು ಬಿಗಿಯಾಗಿರುತ್ತದೆ ಅಂತಲೂ ಗೊತ್ತು. ಬಾವಿಯ ಒಡೆಯರ ಮನೆಯವರು ಬಂದರೆ ಉಳಿದವರು ಸುಮ್ನೆ ಪಕ್ಕಕ್ಕೆ ಸರಿಯಬೇಕಿತ್ತು. ಪ್ರವಾದಿಯವರು ಕೇಳಿದ್ದು ಆ ಒಡೆತನವನ್ನೇ ಬಿಟ್ಟುಬಿಡುವವರನ್ನು. ದುಡ್ಡು ನೀನು ಕೊಡು, ಆಮೇಲೆ ನಿನ್ನ ಕೊಡವೂ ಸಾಲಲ್ಲೇ ನಿಲ್ಲಲಿ. ಕೊಡುವುದೇನೋ ಆಗಬಹುದು, ಕೊಟ್ಟ ಮೇಲೆ ಸಾಲಲ್ಲಿ ನಿಲ್ಲುವುದು ಬಹಳ ಕಷ್ಟ.

ಪ್ರಶ್ನೆ: ಬೆಲೆ ಒಂದೊಂದು ಕಡೆ ಒಂದೊಂದು ಓದಿದ್ದೇನೆ. 20 ಸಾವಿರ ದಿರ್ಹಮ್ ಅಂತಾರೆ, 35 ಸಾವಿರ ಅಂತಲೂ ಅಂತಾರೆ. ಮಾಲೀಕ ಯಹೂದಿ ಅಂತ ಕೆಲವರು, ಅರಬ ಅಂತ ಕೆಲವರು. ಯಾವುದನ್ನು ನಂಬೋದು?

ಎರಡೂ ಹಳೆಯ ವರದಿಗಳೇ. ಎರಡನ್ನೂ ಹೇಳುತ್ತೇನೆ.

ಮೊದಲನೆಯದು ಬಗವಿ ಅನ್ನೋ ಹಳೆಯ ವಿದ್ವಾಂಸರ ಸಂಗ್ರಹದ್ದು. ಇದರಲ್ಲಿ ಮಾಲೀಕ ಗಿಫಾರ್ ಅನ್ನೋ ಅರಬ ಕುಲದ ಒಬ್ಬ ಮನುಷ್ಯ. ಸ್ವರ್ಗದ ಒಂದು ಚಿಲುಮೆಗೆ ಬದಲಾಗಿ ಇದನ್ನು ಕೊಡ್ತೀಯಾ ಅಂತ ಪ್ರವಾದಿಯವರು ಅವನನ್ನು ಕೇಳಿದರು. ನನಗೂ ನನ್ನ ಮನೆಯವರಿಗೂ ಇದು ಬಿಟ್ಟರೆ ಬೇರೆ ಗತಿಯಿಲ್ಲ ಅಂದ ಅವನು. ಈ ಸುದ್ದಿ ಉಸ್ಮಾನ್ ಅವರ ಕಿವಿಗೆ ಬಿತ್ತು. ಅವರು 35 ಸಾವಿರ ದಿರ್ಹಮ್ ಕೊಟ್ಟು ಕೊಂಡರು. ಆಮೇಲೆ ಬಂದು, ಅವನಿಗೆ ಹೇಳಿದ್ದ ಆ ಮಾತು ನನಗೂ ಇದೆಯಾ ಅಂತ ಕೇಳಿದರು. ಹೌದು ಅಂದರು ಪ್ರವಾದಿ. ಹಾಗಿದ್ದರೆ ಇದು ಮುಸ್ಲಿಮರಿಗೆ ಅಂದರು ಉಸ್ಮಾನ್.

ಎರಡನೆಯದು 11ನೇ ಶತಮಾನದ ಸ್ಪೇನ್‌ನ ವಿದ್ವಾಂಸ ಇಬ್ನ್ ಅಬ್ದುಲ್ ಬರ್ರ್ ಬರೆದದ್ದು. ಇದರಲ್ಲಿ ಮಾಲೀಕ ಯಹೂದಿ. ಪೂರ್ತಿ ಬಾವಿ ಮಾರಲು ಅವನು ಒಪ್ಪಲಿಲ್ಲ. ಉಸ್ಮಾನ್ 12 ಸಾವಿರ ದಿರ್ಹಮ್‌ಗೆ ಅರ್ಧ ಕೊಂಡರು. ಒಂದು ದಿನ ಅವನದು, ಒಂದು ದಿನ ಇವರದು ಅಂತ ಒಪ್ಪಂದವಾಯಿತು. ಉಸ್ಮಾನರ ದಿನ ನೀರು ಪುಕ್ಕಟೆ. ಜನ ಆ ದಿನವೇ ಎರಡು ದಿನಕ್ಕಾಗುವಷ್ಟು ಸೇದಿಟ್ಟುಕೊಂಡರು. ಅವನ ದಿನ ಬಾವಿಯ ಹತ್ತಿರ ಯಾರೂ ಸುಳಿಯಲಿಲ್ಲ. ಕೊನೆಗೆ ಅವನೇ ಬಂದು ಉಳಿದ ಅರ್ಧವನ್ನೂ ತಗೋ ಅಂದ. ಅದಕ್ಕೆ 8 ಸಾವಿರ. ಒಟ್ಟು 20 ಸಾವಿರ.

ಶರೀಅತ್ ಲೆಕ್ಕದ ಒಂದು ದಿರ್ಹಮ್ ಅಂದರೆ ಸುಮಾರು 3 ಗ್ರಾಂ ಬೆಳ್ಳಿ. 20 ಸಾವಿರ ಅಂದರೆ 60 ಕಿಲೋ ಆಸುಪಾಸು. 35 ಸಾವಿರ ಅಂದರೆ 100 ಕಿಲೋ ದಾಟುತ್ತದೆ. ಯಾವ ಲೆಕ್ಕ ಹಿಡಿದರೂ ಒಂದು ಬಾವಿಗೆ ಅದು ಸಣ್ಣ ಮೊತ್ತವಲ್ಲ.

ಇನ್ನೊಂದು ವ್ಯತ್ಯಾಸವನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ರೂಮಾವನ್ನು ‘ಕೊಂಡವರು’ ಅಂತಿಲ್ಲ, ‘ತೋಡಿದವರು’ ಅಂತಿದೆ. 15ನೇ ಶತಮಾನದ ವಿದ್ವಾಂಸ ಇಬ್ನ್ ಹಜರ್ ಇದನ್ನು ಬಿಡಿಸಿ ಹೇಳಿದ್ದಾರೆ. ಕೊಂಡ ಮೇಲೆ ಉಸ್ಮಾನ್ ಅದನ್ನು ಆಳವಾಗಿಸಿರಬಹುದು, ಅಗಲ ಮಾಡಿಸಿರಬಹುದು. ಹಾಗಾದರೆ ಎರಡು ಮಾತೂ ಹೊಂದುತ್ತವೆ.

ಈಗ ಮಾಲೀಕನ ವಿಷಯ. ಮೊಬೈಲ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಎರಡನೇ ವರದಿಯೊಂದೇ ಇರುತ್ತದೆ, ಅದೂ ಒಂದು ಸಮುದಾಯವನ್ನು ಹೀಯಾಳಿಸುವ ಹಾಗೆ. ಅದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ. ಎರಡು ವರದಿಗಳಲ್ಲೂ ಒಂದು ಸಂಗತಿ ಬದಲಾಗಿಲ್ಲ. ಬಾವಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಊರಿಗೆ ಊರೇ ಬಾಯಾರಿತ್ತು, ಕೇಳಿದವರು ಪ್ರವಾದಿ, ಆದರೂ ಮಾಲೀಕ ಇಲ್ಲ ಅಂದಾಗ ಅವನ ಮಾತಿಗೆ ಬೆಲೆ ಇತ್ತು. ಅವನು ಒಪ್ಪಿದ ಮೇಲೆ, ಅವನು ಒಪ್ಪಿದ ಬೆಲೆಗೇ ವ್ಯಾಪಾರ ಮುಗಿಯಿತು. ದಯವಿಟ್ಟು ಕಥೆ ಹೇಳುವಾಗ ಈ ಭಾಗವನ್ನು ಬಿಡಬೇಡಿ.

ಪ್ರಶ್ನೆ: ಹಾಗಾದರೆ ನೀರು ಮಾರೋದು ಇಸ್ಲಾಂನಲ್ಲಿ ತಪ್ಪಾ?

ಸೇದಿ, ಪಾತ್ರೆಗೆ ತುಂಬಿ, ಹೊತ್ತು ತಂದ ನೀರನ್ನು ಮಾರಬಹುದು. ಅದರಲ್ಲಿ ದುಡಿಮೆ ಇದೆ. ಬಾವಿಯನ್ನೂ ಕೊಳ್ಳಬಹುದು, ಮಾರಬಹುದು. ಬಾವಿ ತೋಡಿದವನಿಗೆ ಅದರ ಸುತ್ತ 40 ಮೊಳ ಜಾಗ ತನ್ನ ದನಕರುಗಳಿಗೆ ಅಂತ ಹದೀಸೊಂದಿದೆ. ಆದರೆ ತನ್ನ ಬಳಕೆ ಮುಗಿದು ಮಿಕ್ಕಿದ ನೀರನ್ನು ಬಾಯಾರಿದವರಿಗೆ ಇಲ್ಲ ಅನ್ನುವಂತಿಲ್ಲ. ದೇವರು ತಿರುಗಿಯೂ ನೋಡದ ಮೂವರ ಬಗ್ಗೆ ಬುಖಾರಿಯಲ್ಲಿ ಒಂದು ಹದೀಸ್ ಇದೆ. ದಾರಿಬದಿಯಲ್ಲಿ ಹೆಚ್ಚಿನ ನೀರಿದ್ದೂ ದಾರಿಹೋಕನಿಗೆ ಕೊಡದವನು ಆ ಮೂವರಲ್ಲಿ ಒಬ್ಬ.

ಪ್ರಶ್ನೆ: ದಂಗೆಯ ಕಾಲದಲ್ಲಿ ಉಸ್ಮಾನರಿಗೆ ಅದೇ ಬಾವಿಯ ನೀರು ಸಿಗಲಿಲ್ಲ ಅಂತ ಎಲ್ಲೋ ಓದಿದೆ. ನಿಜವಾ?

ನಿಜ. ಇದನ್ನು ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ಉಸ್ಮಾನ್ 644ರಲ್ಲಿ ಮೂರನೇ ಖಲೀಫರಾದರು, ಅಂದರೆ ಪ್ರವಾದಿಯವರ ನಂತರ ಮುಸ್ಲಿಮರ ಆಡಳಿತ ನಡೆಸಿದ ಮೂರನೆಯವರು. ಅವರ ಕೊನೆಯ ವರ್ಷಗಳಲ್ಲಿ ಈಜಿಪ್ಟ್, ಇರಾಕ್‌ನ ಕೂಫಾ, ಬಸ್ರಾ ಕಡೆಯಿಂದ ಅತೃಪ್ತರು ಮದೀನಾಕ್ಕೆ ಬಂದರು. 656ರಲ್ಲಿ ಅವರ ಮನೆಯನ್ನು ಸುತ್ತುವರಿದರು. ಖಲೀಫರಿಗೆ ಆಗ 80ರ ಆಸುಪಾಸು. ದಿನಗಳು ವಾರಗಳಾದವು. ಮಸೀದಿಗೆ ಹೋಗುವುದು ನಿಂತಿತು. ಆಮೇಲೆ ನೀರೂ ನಿಂತಿತು.

ಒಂದು ದಿನ ಅವರು ಮನೆಯ ಮೇಲಿಂದ ಇಣುಕಿ ಕೆಳಗೆ ನಿಂತವರ ಜೊತೆ ಮಾತಾಡಿದರು. ಅಲ್ಲಿದ್ದವರೊಬ್ಬರ ಮಾತು ತಿರ್ಮಿದಿಯಲ್ಲಿ ದಾಖಲಾಗಿದೆ. ದೇವರ ಆಣೆ ಇಟ್ಟು ಕೇಳುತ್ತೇನೆ, ಪ್ರವಾದಿ ಇಲ್ಲಿಗೆ ಬಂದಾಗ ರೂಮಾ ಬಿಟ್ಟರೆ ಸಿಹಿನೀರು ಇರಲಿಲ್ಲ, ಅದು ನಿಮಗೆ ಗೊತ್ತಿಲ್ವಾ? ಅದನ್ನು ಕೊಂಡು ತನ್ನ ಕೊಡವನ್ನೂ ಎಲ್ಲರ ಕೊಡಗಳ ಜೊತೆ ಇಡುವವರು ಯಾರು ಅಂತ ಅವರು ಕೇಳಿದ್ದು ಗೊತ್ತಿಲ್ವಾ? ನನ್ನ ಸ್ವಂತ ದುಡ್ಡಿಂದ ನಾನು ಕೊಂಡೆ. ಇವತ್ತು ಅದರ ನೀರನ್ನೇ ನನಗೆ ಬಿಡುತ್ತಿಲ್ಲ, ನಾನು ಸಮುದ್ರದ ನೀರು ಕುಡಿಯುವ ಹಾಗಾಗಿದೆ.

ಕೆಳಗಿದ್ದವರು ಏನಂದರು ಗೊತ್ತಾ? ಹೌದು, ಗೊತ್ತು ಅಂದರು. ಉಸ್ಮಾನ್ ತಾವು ಮಸೀದಿಯ ವಿಸ್ತರಣೆಗೆ ಜಾಗ ಕೊಂಡದ್ದನ್ನು ನೆನಪಿಸಿದರು, ಕಷ್ಟಕಾಲದ ಸೈನ್ಯವನ್ನು ಸಜ್ಜುಗೊಳಿಸಿದ್ದನ್ನು ನೆನಪಿಸಿದರು. ಪ್ರತಿ ಸಲವೂ ಅದೇ ಉತ್ತರ, ಹೌದು. ಮರೆತು ಮಾಡಿದ್ದಲ್ಲ, ಎಲ್ಲ ನೆನಪಿದ್ದೇ ನೀರು ತಡೆದಿದ್ದರು.

ಉಸ್ಮಾನ್ ಅಂದು ‘ಬಾವಿ ನನ್ನದು’ ಅನ್ನಲಿಲ್ಲ, ನೋಡಿ. ಅನ್ನೋಕೆ ಆಗುತ್ತಲೂ ಇರಲಿಲ್ಲ. ಅದನ್ನು ಬಿಟ್ಟುಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಉಳಿದೆಲ್ಲರಿಗೆ ಇದ್ದ ಪಾಲನ್ನೇ ಅವರು ಕೇಳಿದ್ದು, ಸಾಲಲ್ಲಿ ಒಂದು ಕೊಡದ ಜಾಗ.

ನೀರು ತಲುಪಿಸಲು ಪ್ರಯತ್ನಪಟ್ಟವರೂ ಇದ್ದರು. ಪ್ರವಾದಿಯವರ ಪತ್ನಿ ಉಮ್ಮು ಹಬೀಬಾ ಹೇಸರಗತ್ತೆ ಏರಿ ನೀರಿನ ಚೀಲ ತಂದರು. ದಂಗೆಕೋರರು ಹೇಸರಗತ್ತೆಯ ಮುಖಕ್ಕೆ ಹೊಡೆದು, ಹಗ್ಗ ಕತ್ತರಿಸಿದರು. ಅವರು ಬೀಳುವುದರಲ್ಲಿದ್ದರು, ಜನ ಹಿಡಿದುಕೊಂಡರು. ಹಳೆಯ ಇತಿಹಾಸಕಾರರು ಇದನ್ನು ಬರೆದಿಟ್ಟಿದ್ದಾರೆ. ಅದೇ ವರ್ಷ ಜೂನ್ ತಿಂಗಳಲ್ಲಿ ಉಸ್ಮಾನ್ ತಮ್ಮ ಮನೆಯಲ್ಲೇ, ಕುರ್‌ಆನ್ ಓದುತ್ತಿದ್ದಾಗ ಕೊಲೆಯಾದರು.

ಪ್ರಶ್ನೆ: ಪ್ರವಾದಿಯವರ ಉಂಗುರ ಬಿದ್ದದ್ದು ಇದೇ ಬಾವಿಗೆ ಅಲ್ವಾ?

ಅಲ್ಲ. ಅದು ಅರೀಸ್ ಬಾವಿ. ಊರಿನ ದಕ್ಷಿಣಕ್ಕೆ ಕುಬಾ ಮಸೀದಿಯ ಪಕ್ಕದಲ್ಲಿತ್ತು. ಉಂಗುರ ಬೆಳ್ಳಿಯದು, ಅದರ ಮೇಲೆ ಮೂರು ಸಾಲಲ್ಲಿ ‘ಮುಹಮ್ಮದ್ ರಸೂಲುಲ್ಲಾಹ್’ ಅಂತ ಕೆತ್ತಿತ್ತು. ಪತ್ರಗಳಿಗೆ ಮುದ್ರೆ ಒತ್ತಲು ಬಳಸುತ್ತಿದ್ದರು. ಪ್ರವಾದಿಯವರ ನಂತರ ಅದು ಮೊದಲ ಖಲೀಫ ಅಬೂಬಕ್ಕರ್, ಆಮೇಲೆ ಎರಡನೇ ಖಲೀಫ ಉಮರ್, ಆಮೇಲೆ ಉಸ್ಮಾನರ ಕೈಗೆ ಬಂತು. ಅರೀಸ್ ಕಟ್ಟೆಯ ಮೇಲೆ ಕೂತಿದ್ದಾಗ ಉಸ್ಮಾನರ ಕೈಯಿಂದ ಜಾರಿತು. ಮೂರು ದಿನ ಹುಡುಕಿದರು, ಬಾವಿಯ ನೀರನ್ನೇ ಖಾಲಿ ಮಾಡಿಸಿದರು. ಸಿಗಲೇ ಇಲ್ಲ.

ಅದೇ ಕಟ್ಟೆಯ ಇನ್ನೊಂದು ನೆನಪು ನನಗೆ ಇದಕ್ಕಿಂತ ಇಷ್ಟ. ಒಮ್ಮೆ ಪ್ರವಾದಿಯವರು ಅರೀಸ್ ಬಾವಿಯ ಅಂಚಲ್ಲಿ ಬಟ್ಟೆ ಸ್ವಲ್ಪ ಮೇಲೆತ್ತಿ, ಕಾಲು ಒಳಗೆ ಇಳಿಬಿಟ್ಟು ಕೂತಿದ್ದರು. ತೋಟದ ಬಾಗಿಲು ಕಾಯುತ್ತಿದ್ದವರು ಅಬೂ ಮೂಸಾ ಅನ್ನೋ ಜೊತೆಗಾರ. ಅಬೂಬಕ್ಕರ್ ಬಂದರು, ಬಲಕ್ಕೆ ಕೂತು ಹಾಗೆಯೇ ಕಾಲು ಇಳಿಬಿಟ್ಟರು. ಉಮರ್ ಬಂದು ಎಡಕ್ಕೆ ಕೂತರು. ಉಸ್ಮಾನ್ ಬಂದಾಗ ಆ ಬದಿ ತುಂಬಿತ್ತು. ಅವರು ಎದುರು ಬದಿಗೆ ಹೋಗಿ ಕೂತರು. ಬಾಗಿಲಲ್ಲೇ ಅವರಿಗೆ ಸ್ವರ್ಗದ ಸಿಹಿಸುದ್ದಿ ಸಿಕ್ಕಿತ್ತು, ಜೊತೆಗೆ ಮುಂದೆ ಬರುವ ಒಂದು ಕಷ್ಟದ ಸುದ್ದಿಯೂ. ಮದೀನಾದ ವಿದ್ವಾಂಸ ಸಈದ್ ಇಬ್ನುಲ್ ಮುಸಯ್ಯಬ್ ಈ ಕೂತ ರೀತಿಯಲ್ಲಿ ಅವರ ಸಮಾಧಿಗಳನ್ನೇ ಕಂಡರು. ಮೂವರು ಒಟ್ಟಿಗೆ, ಉಸ್ಮಾನ್ ಬೇರೆಯಾಗಿ. ನಾಲ್ವರು ಗೆಳೆಯರು ಬಾವಿಯಂಚಲ್ಲಿ ಕಾಲು ಇಳಿಬಿಟ್ಟು ಕೂತ ಈ ಚಿತ್ರ ನನ್ನ ಕಣ್ಣಿಂದ ಹೋಗುವುದೇ ಇಲ್ಲ.

ಅರೀಸ್ ಈಗ ನೆಲದ ಮೇಲೆ ಕಾಣುವುದಿಲ್ಲ.

ಪ್ರಶ್ನೆ: ಆ ಕಾಲದ ಬಾವಿಗಳು ಎಷ್ಟು ದೊಡ್ಡವಿದ್ದವು? ಯಾರಾದರೂ ಅಳೆದಿದ್ದಾರಾ?

ಒಬ್ಬರು ಅಳೆದಿದ್ದಾರೆ! ಹದೀಸ್ ಸಂಗ್ರಹಕಾರ ಅಬೂ ದಾವೂದ್, 9ನೇ ಶತಮಾನದವರು. ಮದೀನಾದ ಬುದಾಅ ಅನ್ನುವ ಇನ್ನೊಂದು ಬಾವಿಯ ನೀರು ಶುದ್ಧವಾ ಅನ್ನೋ ಚರ್ಚೆಯ ಹದೀಸನ್ನು ಬರೆದ ಮೇಲೆ, ತಾವೇ ಮಾಡಿದ ಅಳತೆಯನ್ನೂ ಸೇರಿಸಿದ್ದಾರೆ. ಹೊದ್ದಿದ್ದ ಶಾಲನ್ನು ಬಾವಿಯ ಬಾಯಿಗೆ ಅಡ್ಡಲಾಗಿ ಹರಡಿದರು. ಆಮೇಲೆ ಶಾಲನ್ನು ಮೊಳ ಹಾಕಿ ಅಳೆದರು. ಆರು ಮೊಳ ಬಂತು. ತೋಟದ ಬಾಗಿಲು ತೆರೆದವನನ್ನು, ಮೊದಲಿದ್ದ ಕಟ್ಟಡ ಬದಲಾಗಿದೆಯಾ ಅಂತಲೂ ಕೇಳಿದರು. ಇಲ್ಲ ಅಂದ. ನೀರಿನ ಆಳವನ್ನು ಅವರಿಗಿಂತ ಮೊದಲೇ ಇನ್ನೊಬ್ಬರು ಕೇಳಿ ತಿಳಿದಿದ್ದರು. ಹೆಚ್ಚಿದ್ದಾಗ ಸೊಂಟದ ಕೆಳಗಿನವರೆಗೆ, ಕಡಿಮೆಯಾದಾಗ ಅದಕ್ಕಿಂತಲೂ ಕೆಳಗೆ.

ಪ್ರಶ್ನೆ: ಉಮ್ರಾ ಯಾತ್ರೆಗೆ ಮಕ್ಕಾ-ಮದೀನಾ ಕಡೆ ಹೊರಟಿದ್ದೇವೆ. ರೂಮಾ ಬಾವಿ ಈಗಲೂ ಇದೆಯಾ?

ಇದೆ. ಈಗ ಅದನ್ನು ‘ಬೀರ್ ಉಸ್ಮಾನ್’ ಅಂತ ಕರೆಯುತ್ತಾರೆ. ಬೀರ್ ಅಂದರೆ ಬಾವಿ. ಪ್ರವಾದಿಯವರ ಮಸೀದಿಯಿಂದ ನಾಲ್ಕೈದು ಕಿಲೋಮೀಟರ್. ನಮಾಝಿನ ದಿಕ್ಕು ಜೆರುಸಲೇಮ್‌ನಿಂದ ಮಕ್ಕಾಕ್ಕೆ ಬದಲಾದ ನೆನಪಿನ ಕಿಬ್ಲತೈನ್ ಮಸೀದಿಗೆ ಎಲ್ಲರೂ ಹೋಗುತ್ತಾರಲ್ಲ, ಬಾವಿ ಅಲ್ಲಿಂದ ದೂರವಿಲ್ಲ.

ನಡುವೆ ಒಮ್ಮೆ ಅದು ಪಾಳು ಬಿದ್ದಿತ್ತು. 14ನೇ ಶತಮಾನದಲ್ಲಿ ಮಕ್ಕಾದ ಖಾಝಿಯೊಬ್ಬರು ಮತ್ತೆ ಕಟ್ಟಿಸಿ ನೀರು ಬರುವಂತೆ ಮಾಡಿದರು. ಬಾವಿ ಇವತ್ತಿಗೂ ವಕ್ಫ್, ಅಂದರೆ ದೇವರ ಹೆಸರಲ್ಲಿ ಜನರಿಗೆ ಬಿಟ್ಟುಕೊಟ್ಟ ಆಸ್ತಿ. ವಕ್ಫ್‌ನ ನಿಯಮ ಖೈಬರ್ ಅನ್ನೋ ಊರಲ್ಲಿ ಉಮರ್ ಅವರಿಗಿದ್ದ ಜಮೀನಿನ ಹದೀಸಿನಲ್ಲಿ ಸ್ಪಷ್ಟವಾಗಿದೆ. ಬುಡ ಉಳಿಸು, ಫಲ ಹಂಚು. ಆ ಆಸ್ತಿಯನ್ನು ಮಾರುವಂತಿಲ್ಲ, ಯಾರಿಗೂ ಉಡುಗೊರೆ ಕೊಡುವಂತಿಲ್ಲ, ಮಕ್ಕಳಿಗೆ ಪಾಲು ಹೋಗುವುದಿಲ್ಲ.

ನಾನು ಹೋಗಿದ್ದು ಕೆಲವು ವರ್ಷಗಳ ಹಿಂದೆ, ನನ್ನವರ ಜೊತೆ. ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಕಿಬ್ಲತೈನ್‌ನಿಂದ ಹೊರಟೆವು. ಗೇಟು ಹಾಕಿತ್ತು. ಬೇಲಿಯಾಚೆ ಖರ್ಜೂರದ ಮರಗಳು ಕಂಡವು, ಬಾವಿಯ ಬಾಯಿ ಕಾಣಲಿಲ್ಲ. ನನ್ನವರು ವಾಪಸ್ ಹೋಗೋಣ ಅಂದರು. ನಾನು ಕಂಬಿ ಹಿಡಿದು ಬಹಳ ಹೊತ್ತು ಅಲ್ಲೇ ನಿಂತೆ. ಎಲ್ಲೋ ಒಳಗೆ ಕಾಲುವೆಯಲ್ಲಿ ನೀರು ಹರಿಯುವ ಸದ್ದು ಕೇಳಿಸಿತು. ಅಷ್ಟು ಸಾಕಾಯಿತು ನನಗೆ. ನೀವು ಹೊರಡುವ ಮೊದಲು, ಒಳಗೆ ಬಿಡುವ ಸಮಯವನ್ನು ಅಲ್ಲಿನವರ ಹತ್ತಿರ ವಿಚಾರಿಸಿಕೊಳ್ಳಿ. ಸಂಜೆ ಹೋಗಿ, ಬಿಸಿಲು ಇಳಿದಿರುತ್ತದೆ.

ಪ್ರಶ್ನೆ: ನನ್ನ ತಾಯಿ ತೀರಿಹೋಗಿ ಒಂದು ವರ್ಷವಾಯಿತು. ಅವರ ಹೆಸರಲ್ಲಿ ಏನಾದರೂ ಮಾಡಬೇಕು ಅಂತಿದೆ. ಉಸ್ಮಾನರಷ್ಟು ದುಡ್ಡು ನನ್ನ ಹತ್ತಿರ ಇಲ್ಲ.

ಮದೀನಾದ ಇನ್ನೊಬ್ಬ ಮಗನ ಮಾತು ಹೇಳುತ್ತೇನೆ. ಸಅದ್ ಇಬ್ನ್ ಉಬಾದಾ, ಊರಿನ ಖಝ್‌ರಜ್ ಕುಲದ ಮುಖಂಡರು. ತಾಯಿ ಸತ್ತಾಗ ಅವರು ಊರಲ್ಲಿರಲಿಲ್ಲ. ಆ ಕೊರಗು ಅವರನ್ನು ಬಿಡಲಿಲ್ಲ. ಪ್ರವಾದಿಯವರ ಹತ್ತಿರ ಬಂದು, ನನ್ನ ತಾಯಿ ಹೋದರು, ಯಾವ ದಾನ ಒಳ್ಳೆಯದು ಅಂತ ಕೇಳಿದರು. ಬಂದ ಉತ್ತರ ಒಂದೇ ಪದ: ನೀರು.

ಬಾವಿಯೇ ಆಗಬೇಕು ಅಂತ ಇಲ್ಲ. ಜನ ಓಡಾಡುವ ಕಡೆ ಒಂದು ಕುಡಿಯುವ ನೀರಿನ ಪಾತ್ರೆ ಇಡಬಹುದು. ಇಟ್ಟ ಮೇಲೆ ದಿನಾ ತೊಳೆದು ತುಂಬಿಸುವ ಜವಾಬ್ದಾರಿಯನ್ನೂ ನೀವೇ ತಗೊಳ್ಳಿ. ನಿಮ್ಮ ತಾಯಿಯ ಹೆಸರನ್ನು ಅದರ ಮೇಲೆ ಬರೆಯೋದು ಬಿಡೋದು ನಿಮಗೆ ಬಿಟ್ಟದ್ದು. ಸಅದ್ ಬಾಯಲ್ಲಿ ಹೇಳಿದರು ಅಷ್ಟೇ. ಬಾವಿ ತೋಡಿಸಿ, ಅದರ ಪಕ್ಕ ನಿಂತು, “ಇದು ಸಅದ್‌ನ ಅಮ್ಮನಿಗೆ” ಅಂದರು.